ಕ್ರೈಸ್ತ ಸಭೆಯ ಹಿರಿಯರು ಮತ್ತು ನಾಯಕತ್ವದ ಉತ್ತರಾಧಿಕಾರ: ಉತ್ತಂಗಿ ಚನ್ನಪ್ಪನವರ ನಿದರ್ಶನ

1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ನಮ್ಮ ಸಾಹಿತ್ಯ ಚರಿತ್ರೆಗಳು ಈ ಸಂಗತಿಯನ್ನು ಅವರಿಗೆ ಸಂದ ಗೌರವಗಳ ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುತ್ತವೆ. ಆದರೆ ಸ್ಥಳ ಮತ್ತು ಕಾಲ ಎರಡನ್ನೂ ಕೂಡಿಸಿ ನೋಡಿದರೆ ಇದು ಬರಿಯ ಗೌರವದ ಮಾತಾಗಿ ಉಳಿಯುವುದಿಲ್ಲ. ಹೈದರಾಬಾದ್ ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಂದಿನಿಂದ ಕಲಬುರಗಿಯ ಕೋಟೆಯ ಸುತ್ತ ಆಳಿಕೆಯ ಭಾಷೆ ಒಂದು, ಮನೆ ಮತ್ತು ಸಂತೆಯ ಭಾಷೆ ಇನ್ನೊಂದು ಎಂಬ ಸ್ಥಿತಿಯೇ ಬಹುಮಟ್ಟಿಗೆ ನಡೆದುಬಂದಿತ್ತು. ಇದೇ ಊರಿನಲ್ಲಿ 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಡೆದಾಗ ನಿಜಾಮರ ಆಳಿಕೆ ಗಟ್ಟಿಯಾಗಿತ್ತು. ಇಪ್ಪತ್ತೊಂದು ವರ್ಷಗಳ ಅನಂತರ, ಆ ಆಳಿಕೆ ಕಳಚಿಬಿದ್ದ ಹೊಸತರಲ್ಲಿ, ಕನ್ನಡಿಗರು ಮತ್ತೆ ಅಲ್ಲಿ ಸೇರಿದಾಗ ಅವರ ಮುಂದೆ ನಿಂತವರು ಧಾರವಾಡದ ಬಾಸೆಲ್ ಮಿಷನ್ ಪರಿಸರದಲ್ಲಿ ಬೆಳೆದ ಒಬ್ಬ ಕ್ರೈಸ್ತ ಪಾದ್ರಿ.

ಅವರನ್ನು ಈ ಸ್ಥಾನಕ್ಕೆ ಸಿದ್ಧಗೊಳಿಸಿದವರು ಯಾರು? ಸಿದ್ಧಗೊಳಿಸಿದವರು ಇದೇ ಸ್ಥಾನವನ್ನು ಉದ್ದೇಶಿಸಿದ್ದರೇ? ಈ ಎರಡು ಪ್ರಶ್ನೆಗಳು ಪ್ರಸ್ತುತ ಲೇಖನದ ವಿಷಯ. ಹಿರಿಯ ತಲೆಮಾರು ಕಿರಿಯ ತಲೆಮಾರನ್ನು ನಾಯಕತ್ವಕ್ಕೆ ಅಣಿಗೊಳಿಸುವುದು ಎಂಬ ವಿಚಾರ ಕ್ರೈಸ್ತ ಬೋಧನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಉಪದೇಶದ ಮಟ್ಟದಿಂದ ಕೆಳಗಿಳಿಸಿ, ಕನ್ನಡ ನೆಲದಲ್ಲಿ ನಡೆದ ಒಂದು ಐತಿಹಾಸಿಕ ಪ್ರಕ್ರಿಯೆಯಾಗಿ ಪರಿಶೀಲಿಸಬೇಕಾಗಿದೆ.

ಮೊದಲಿಗೆ ಪದಗಳ ವಿಚಾರ. ಕನ್ನಡದ 'ನಾಯಕ' ಶಬ್ದಕ್ಕೆ ದಂಡು, ಪಾಳೆಯಪಟ್ಟು, ಕೋಟೆಗಳ ವಾಸನೆ ಅಂಟಿಕೊಂಡಿದೆ. ಕನ್ನಡ ಕ್ರೈಸ್ತ ಸಭೆಯ ಆಡಳಿತದಲ್ಲಿ ಈ ಶಬ್ದಕ್ಕೆ ಸ್ಥಾನ ದೊರೆಯಲಿಲ್ಲ. ಅಲ್ಲಿ ಬಳಕೆಗೆ ಬಂದವು 'ಸಭೆಯ ಹಿರಿಯರು', 'ಸಭಾಪಾಲಕ', 'ಉಪದೇಶಿ', 'ಬೋಧಕ' ಮುಂತಾದವು. ಮೂಲ ಗ್ರೀಕಿನಲ್ಲಿ ವಯಸ್ಸನ್ನೂ ಹೊಣೆಯನ್ನೂ ಒಟ್ಟಿಗೇ ಸೂಚಿಸುವ ಪದಕ್ಕೆ ಕನ್ನಡ ಬೈಬಲಿನ ಅನುವಾದಕರು 'ಹಿರಿಯರು' ಎಂಬ ಮಾತನ್ನು ಆರಿಸಿಕೊಂಡರು. ಈ ಆಯ್ಕೆ ಅರ್ಥವತ್ತಾದುದು, ಅಷ್ಟೇ ತೊಡಕಿನದೂ ಹೌದು. ಕನ್ನಡದ ಮನೆಗಳಲ್ಲಿ ಹಿರಿಯರೆಂದರೆ ಬದುಕಿರುವ ಯಜಮಾನರು ಮಾತ್ರವಲ್ಲ, ತೀರಿಹೋಗಿ ಎಡೆ ಸ್ವೀಕರಿಸುವವರೂ ಹೌದು. ಅಂಥ ಹಿರಿಯರು ಎಂದೂ ನಿವೃತ್ತರಾಗುವುದಿಲ್ಲ. ಸುವಾರ್ತೆಗಳಲ್ಲಿ ಯೇಸು ದೊಡ್ಡವನಾಗಬಯಸುವವನು ಸೇವಕನಾಗಬೇಕೆಂದು ವಿಧಿಸುವಾಗ ಹಿರಿತನದ ಈ ಕಲ್ಪನೆಯನ್ನೇ ತಲೆಕೆಳಗು ಮಾಡುತ್ತಾನೆ. ಆದರೆ ಸಂಸ್ಥೆಗಳ ನಡೆಯಲ್ಲಿ ಎರಡನೆಯದಕ್ಕಿಂತ ಮೊದಲನೆಯ ಅರ್ಥವೇ ಬಲವಾಗಿ ಉಳಿಯಿತು.

ಉತ್ತರಾಧಿಕಾರದ ಬಗೆಗೆ ಬೈಬಲಿನಲ್ಲಿ ಒಂದೇ ಮಾದರಿ ಇಲ್ಲ. ಪ್ರಸಂಗಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮೋಶೆ-ಯೆಹೋಶುವರ ಮಾದರಿ. ಅರಣ್ಯಕಾಂಡದಲ್ಲಿ ಮೋಶೆ ತಾನು ಬದುಕಿರುವಾಗಲೇ ಎಲ್ಲ ಜನರ ಮುಂದೆ ಯೆಹೋಶುವನ ಮೇಲೆ ಕೈಯಿಟ್ಟು ತನ್ನ ಅಧಿಕಾರದ ಒಂದು ಪಾಲನ್ನು ಅವನಿಗೆ ಕೊಡುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಪೌಲನು ತಿಮೊಥೆಯನಿಗೆ ಬರೆಯುವಾಗ, ತಾನು ಕಲಿಸಿದ್ದನ್ನು ನಂಬಿಗಸ್ತರಾದ ಇತರರಿಗೆ ಒಪ್ಪಿಸಬೇಕೆಂದೂ ಅವರು ಮತ್ತೆ ಬೇರೆಯವರಿಗೆ ಕಲಿಸಬೇಕೆಂದೂ ಹೇಳಿ ನಾಲ್ಕು ತಲೆಮಾರುಗಳ ಸರಪಣಿಯನ್ನೇ ಕಲ್ಪಿಸುತ್ತಾನೆ. ಅದೇ ಪತ್ರದಲ್ಲಿ ತಿಮೊಥೆಯನ ಅಜ್ಜಿ ಲೋವಿ ಮತ್ತು ತಾಯಿ ಯೂನೀಕೆಯರ ಹೆಸರೂ ಬರುತ್ತದೆ. ನಂಬಿಕೆ ಮೊದಲು ಮನೆಯ ಹೆಂಗಸರಿಂದ ದಾಟಿಬಂತು ಎಂಬ ಈ ಮಾತನ್ನು ಪ್ರಸಂಗಿಗಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದುಂಟು.

ನಮ್ಮ ಪ್ರಸ್ತುತ ಚರ್ಚೆಗೆ ಇವೆರಡಕ್ಕಿಂತ ಹೆಚ್ಚು ಒದಗಿಬರುವುದು ಏಲಿ ಮತ್ತು ಸಮುವೇಲರ ಪ್ರಸಂಗ. ಶೀಲೋವಿನ ದೇವಾಲಯದಲ್ಲಿ ಮುದುಕನಾದ ಯಾಜಕ ಏಲಿಯ ಕಣ್ಣು ಮಂಜಾಗಿದೆ. ಅವನ ಸ್ವಂತ ಮಕ್ಕಳು ದಾರಿಗೆಟ್ಟಿದ್ದಾರೆ. ರಾತ್ರಿ ತನ್ನನ್ನು ಯಾರೋ ಕರೆಯುತ್ತಿದ್ದಾರೆಂದು ಬಾಲಕ ಸಮುವೇಲ ಮೂರು ಸಲ ಏಲಿಯ ಬಳಿಗೆ ಓಡಿಬರುತ್ತಾನೆ. ಮೂರನೆಯ ಸಲ ಏಲಿಗೆ ಅದು ದೇವರ ಕರೆಯೆಂದು ಹೊಳೆಯುತ್ತದೆ. ಆ ಕರೆಗೆ ಹೇಗೆ ಓಗೊಡಬೇಕೆಂದು ಅವನೇ ಹುಡುಗನಿಗೆ ಕಲಿಸುತ್ತಾನೆ. ಹುಡುಗನಿಗೆ ಕೇಳಿಬಂದ ಸಂದೇಶ ಮಾತ್ರ ಏಲಿಯ ಮನೆತನದ ವಿರುದ್ಧವಾದ ತೀರ್ಪು. ಬೆಳಗ್ಗೆ ಏಲಿ ಅದನ್ನು ಮುಚ್ಚಿಡದೆ ಹೇಳುವಂತೆ ಹುಡುಗನನ್ನು ಒತ್ತಾಯಿಸುತ್ತಾನೆ, ಕೇಳಿ ಒಪ್ಪಿಕೊಳ್ಳುತ್ತಾನೆ. ಇಲ್ಲಿ ಹಿರಿಯನು ಕೊಟ್ಟದ್ದು ಆಲಿಸುವ ಕಿವಿಯನ್ನು. ಆಲಿಸಿದ್ದು ಏನಾಗಿರಬೇಕೆಂಬುದು ಅವನ ಹಿಡಿತದಲ್ಲಿ ಇರಲಿಲ್ಲ. ಬಾಸೆಲ್ ಮಿಷನ್ನಿನ ಹಿರಿಯರು ಮತ್ತು ಅವರ ಕನ್ನಡ ಶಿಷ್ಯರ ನಡುವೆ ನಡೆದುದು ಬಹುಪಾಲು ಇಂಥದೇ ವ್ಯವಹಾರ ಎಂಬುದು ನಮ್ಮ ವಾದ. ಏಲಿಯ ಹಾಗೆ ಕೇಳಿ ಒಪ್ಪಿಕೊಳ್ಳುವ ಮನಸ್ಸು ಮಿಷನ್ನಿಗೆ ಸದಾ ಇತ್ತೆಂದು ಇದರಿಂದ ಹೇಳಿದಂತಾಗುವುದಿಲ್ಲ.

1834ರ ಅಕ್ಟೋಬರ್‌ನಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದಲ್ಲಿಂದ ಬಾಸೆಲ್ ಮಿಷನ್ನಿನ ಕೆಲಸ ಆರಂಭವಾಗುತ್ತದೆ. ಮುದ್ರಣಾಲಯ, 1843ರ 'ಮಂಗಳೂರ ಸಮಾಚಾರ', ಹೆಂಚಿನ ಕಾರ್ಖಾನೆ, ನೇಯ್ಗೆ ಇವೆಲ್ಲ ಈಗಾಗಲೇ ವಿಪುಲವಾಗಿ ಚರ್ಚಿತವಾಗಿರುವುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ನಮಗೆ ಮುಖ್ಯವಾದುದು 1847ರಲ್ಲಿ ಮಂಗಳೂರಿನಲ್ಲಿ ನೆಲೆಗೊಂಡ ದೈವಶಾಸ್ತ್ರದ ಸೆಮಿನರಿ. ಸ್ಥಳೀಯರನ್ನು ಉಪದೇಶಿಗಳನ್ನಾಗಿ, ಮುಂದೆ ಸಭಾಪಾಲಕರನ್ನಾಗಿ ತರಬೇತುಗೊಳಿಸುವುದು ಇದರ ಉದ್ದೇಶ. ಹರ್ಮನ್ ಮೋಗ್ಲಿಂಗ್‌ರ ಶಿಷ್ಯ ಆನಂದರಾವ್ ಕೌಂಡಿನ್ಯ ಈ ಉದ್ದೇಶದ ಮೊದಲ ದೊಡ್ಡ ಫಲ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, 1844ರಲ್ಲಿ ದೀಕ್ಷಾಸ್ನಾನ ಪಡೆದ ಈ ತರುಣನನ್ನು ಮೋಗ್ಲಿಂಗ್ ತಮ್ಮೊಡನೆ ಯುರೋಪಿಗೆ ಕರೆದೊಯ್ದರು. ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ಯುರೋಪಿನ ಮಿಷನರಿಗಳಿಗೆ ಸಮನಾದ ಸ್ಥಾನದಲ್ಲಿ ಕೆಲಸ ಮಾಡಿದರು, ಸೆಮಿನರಿಯಲ್ಲಿ ಪಾಠ ಹೇಳಿದರು, 1893ರಲ್ಲಿ ತೀರಿಕೊಂಡರು.

ಅವರ ಹೆಸರನ್ನು ಪೂರ್ಣವಾಗಿ ಬರೆದರೆ ಹರ್ಮನ್ ಆನಂದರಾವ್ ಕೌಂಡಿನ್ಯ. ಗುರುವಿನ ಹೆಸರೇ ಶಿಷ್ಯನ ಹೆಸರಿನ ತಲೆಯ ಮೇಲೆ ನಿಂತಿದೆ. ಪ್ರೀತಿಯಿಂದ ಬಂದುದೆಂಬುದರಲ್ಲಿ ಸಂಶಯವಿಲ್ಲ. ಆದರೂ ಆ ಕಾಲದ ನಾಯಕತ್ವದ ತಯಾರಿಯ ಸ್ವರೂಪ ಅದರಲ್ಲಿ ಮೂಡಿದೆ. ಸಮಾನನಾಗಬೇಕಾದರೆ ಶಿಷ್ಯನು ಗುರುವಿನ ಊರಿಗೆ ಹೋಗಬೇಕು, ಗುರುವಿನ ಭಾಷೆಯಲ್ಲಿ ಓದಬೇಕು. ಅಲ್ಲಿಗೆ ಹೋಗಲಾಗದ ನೂರಾರು ಮಂದಿ ಉಪದೇಶಿಗಳಾಗಿಯೇ ಉಳಿದರು. ಹಳ್ಳಿಹಳ್ಳಿ ಅಲೆದವರು, ಬೈಗುಳ ತಿಂದವರು, ಸಂತೆಯಲ್ಲಿ ನಿಂತು ಮಾತಾಡಿದವರು ಇವರೇ. ತೀರ್ಮಾನ ಕೈಗೊಳ್ಳುವ ಸಭೆಗಳಲ್ಲಿ ಇವರಿಗೆ ಇದ್ದ ಸ್ಥಾನ ಅಲ್ಪ. ವಸಾಹತು ಸಂದರ್ಭದ ಯಜಮಾನಿಕೆ ಧರ್ಮಪ್ರಸಾರದ ಸಂಸ್ಥೆಯೊಳಗೂ ಹಾಸುಹೊಕ್ಕಾಗಿತ್ತೆಂಬ ವಿಮರ್ಶಕರ ಮಾತು ಇಲ್ಲಿ ಸರಿಯಾಗಿಯೇ ಅನ್ವಯಿಸುತ್ತದೆ.

ಆದರೆ ಆ ಮಾತನ್ನು ಅಷ್ಟಕ್ಕೇ ನಿಲ್ಲಿಸಿದರೆ ಇನ್ನೊಂದು ಮುಖ ಮರೆಯಾಗುತ್ತದೆ. ಹಿರಿಯರು ಅಧಿಕಾರವನ್ನು ಹಿಡಿದಿಟ್ಟುಕೊಂಡರೂ ಉಪಕರಣಗಳನ್ನು ಹಿಡಿದಿಟ್ಟುಕೊಳ್ಳಲಿಲ್ಲ. ಮೋಗ್ಲಿಂಗ್ ತಮ್ಮ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದ್ದು ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವನ್ನು. ಕಿಟ್ಟೆಲ್ 1872ರಲ್ಲಿ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಹೊರತಂದರು. ಹಸ್ತಪ್ರತಿ ಕೂಡಿಸುವುದು, ಪಾಠಾಂತರ ನೋಡುವುದು, ಜನರ ಬಾಯಲ್ಲಿರುವ ಮಾತನ್ನು ಗ್ರಂಥದ ಮಾತಿನಷ್ಟೇ ಶ್ರದ್ಧೆಯಿಂದ ದಾಖಲಿಸುವುದು ಮಿಷನ್ನಿನ ದಿನನಿತ್ಯದ ರೂಢಿಯಾಯಿತು. ಆ ಆವರಣದಲ್ಲಿ ಬೆಳೆದ ಹುಡುಗನೊಬ್ಬನಿಗೆ ಬಸವ ಪುರಾಣವು ಖಂಡಿಸಬೇಕಾದ ಪುಸ್ತಕವಾಗಿ ಪರಿಚಯವಾಗಿರಬಹುದು. ಆದರೂ ಓದಲೇಬೇಕಾದ ಪುಸ್ತಕವಾಗಿ ಪರಿಚಯವಾಯಿತು. ಈ ವ್ಯತ್ಯಾಸ ಸಣ್ಣದಲ್ಲ.

ಉತ್ತಂಗಿಯವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಅವರ ಮನೆತನದ ಮೂಲ ಬಳ್ಳಾರಿ ಸೀಮೆಯ ಉತ್ತಂಗಿ, ಪೂರ್ವಜರು ಲಿಂಗಾಯತರು. ತಂದೆಯ ಹೆಸರು ದಾನಿಯೇಲಪ್ಪ, ಮಗನ ಹೆಸರು ಚನ್ನಪ್ಪ. ಕೌಂಡಿನ್ಯರ ಹೆಸರಿನ ಪಕ್ಕದಲ್ಲಿ ಈ ಎರಡನ್ನು ಇಟ್ಟು ನೋಡಿದರೆ ಮೂರು ಹೆಜ್ಜೆಗಳು ಕಾಣುತ್ತವೆ. ಜರ್ಮನ್ ಹೆಸರು ಮೊದಲು, ಬೈಬಲಿನ ಹೆಸರಿಗೆ ಕನ್ನಡದ 'ಅಪ್ಪ' ಸೇರಿದ್ದು ಆಮೇಲೆ, ಅಪ್ಪಟ ಕನ್ನಡ ಹೆಸರಿನ ಪಾದ್ರಿ ಕೊನೆಗೆ. ವ್ಯಕ್ತಿನಾಮಗಳಿಂದ ಇತಿಹಾಸವನ್ನು ಹಿಂಡಿ ತೆಗೆಯುವುದು ಅಪಾಯದ ಕೆಲಸ. ಆದರೆ ಸಭೆಯ ದಾಖಲೆ ಪುಸ್ತಕಗಳನ್ನು ನೋಡಿದ ಯಾರಿಗೂ ಹೆಸರಿಡುವುದರಲ್ಲಿ ಹಿರಿಯರ ಮಾತು ಎಷ್ಟು ನಡೆಯುತ್ತಿತ್ತೆಂಬುದು ತಿಳಿದಿರುತ್ತದೆ.

ಮಂಗಳೂರಿನ ಸೆಮಿನರಿಯಲ್ಲಿ ತರಬೇತಿ ಪಡೆದು ಹುಬ್ಬಳ್ಳಿ-ಗದಗಗಳ ಸುತ್ತ ಕೆಲಸಕ್ಕೆ ನಿಂತ ಉತ್ತಂಗಿಯವರ ಬರಹದ ಆರಂಭವನ್ನು ಕಾಲದೊಡನೆ ಹೊಂದಿಸಿ ನೋಡಬೇಕು. 1914ರಲ್ಲಿ ಯುರೋಪಿನ ಯುದ್ಧ ಆರಂಭವಾದ ಬಳಿಕ ಬ್ರಿಟಿಷ್ ಸರ್ಕಾರವು ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿರಿಸಿ, ಅನಂತರ ತಾಯ್ನಾಡಿಗೆ ಸಾಗಿಸಿತು. ಯುದ್ಧ ಮುಗಿದ ಮೇಲೂ ಹಲವು ವರ್ಷ ಅವರಿಗೆ ಮರಳಿ ಬರುವ ಅನುಮತಿ ಇರಲಿಲ್ಲ. ಎಂಬತ್ತು ವರ್ಷಗಳಿಂದ ಅಧಿಕಾರವನ್ನು ಅಂಗುಲ ಅಂಗುಲವಾಗಿ ಅಳೆದು ಕೊಡುತ್ತಿದ್ದ ಹಿರಿಯರು ಇದ್ದಕ್ಕಿದ್ದಂತೆ ಇಲ್ಲವಾದರು. ಶಾಲೆ, ಸಭೆ, ಸಂಬಳ, ಆಸ್ತಿ ಎಲ್ಲದರ ಹೊರೆ ದೇಶೀಯರ ಹೆಗಲ ಮೇಲೆ ಬಿತ್ತು. ಉತ್ತಂಗಿಯವರ 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ' ಪ್ರಕಟವಾದುದು 1921ರಲ್ಲಿ, 'ಸರ್ವಜ್ಞನ ವಚನಗಳು' 1924ರಲ್ಲಿ. ಇದು ಕಾಕತಾಳೀಯವೆಂದು ತಳ್ಳಿಹಾಕುವಂಥದಲ್ಲ. ತಯಾರಿ ಬಹಳ ಹಿಂದೆಯೇ ಆಗಿತ್ತು, ಹಿರಿಯರು ಬದಿಗೆ ಸರಿದಾಗ ಮಾತ್ರ ಕಿರಿಯರ ದನಿ ಹೊರಗೆ ಬಂತು. ಬದಿಗೆ ಸರಿದದ್ದು ಅವರ ಇಚ್ಛೆಯಿಂದಲ್ಲ, ಯುದ್ಧದಿಂದ ಎಂಬುದು ಈ ಕಥೆಯ ವಿಷಾದ. ಮೋಶೆ ಬದುಕಿರುವಾಗಲೇ ಮಾಡಿದ್ದನ್ನು ಇಲ್ಲಿ ಸರ್ಕಾರದ ಆಜ್ಞೆ ಮಾಡಿಸಿತು.

ಮೊದಲ ಕೃತಿಯ ಶೀರ್ಷಿಕೆಯನ್ನೇ ಗಮನಿಸಬಹುದು. ಬೆತ್ಲೆಹೇಮವು ಬನಾರಸಕ್ಕೆ ಆಜ್ಞಾಪಿಸುವುದಿಲ್ಲ, ಅದರೊಡನೆ ವಾದಿಸುವುದೂ ಇಲ್ಲ, ವಿನಂತಿಸಿಕೊಳ್ಳುತ್ತದೆ. ಮಿಷನ್ನಿನ ಖಂಡನಾತ್ಮಕ ಕರಪತ್ರಗಳ ಸಂಕಥನವನ್ನು ಬಲ್ಲವರಿಗೆ ಈ ಒಂದು ಶಬ್ದದಲ್ಲಿ ಆಗಿರುವ ಪಲ್ಲಟ ಕೂಡಲೇ ತಿಳಿಯುತ್ತದೆ. ಶಿಷ್ಯನು ಗುರುಗಳಿಂದ ಕಲಿತ ಭಾಷೆಯಲ್ಲಿಯೇ, ಗುರುಗಳು ಆಡದಿದ್ದ ಧಾಟಿಯಲ್ಲಿ ಮಾತಾಡುತ್ತಿದ್ದಾನೆ.

ಸರ್ವಜ್ಞನ ಸಂಪಾದನೆಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು. ಹಳ್ಳಿಗಳಲ್ಲಿ ಬೋಧನೆಗೆ ಹೋದ ಪಾದ್ರಿಗೆ ಅಲ್ಲಿನ ಜನ ತ್ರಿಪದಿಯಲ್ಲಿ ಉತ್ತರ ಕೊಡುತ್ತಿದ್ದರು. ಕಲಿಸಲು ಹೋದವನು ಕೇಳಿಸಿಕೊಂಡು ಬರೆದುಕೊಳ್ಳಬೇಕಾಯಿತು. ಓಲೆಗರಿ, ಕಾಗದದ ಪ್ರತಿ, ಜನರ ನೆನಪು, ಎಲ್ಲಿ ಸಿಕ್ಕಿತೋ ಅಲ್ಲಿಂದ ವರ್ಷಗಟ್ಟಲೆ ಸಂಗ್ರಹಿಸಿ, ಸುಮಾರು ಎರಡು ಸಾವಿರ ತ್ರಿಪದಿಗಳನ್ನು ವಿಷಯಾನುಸಾರ ಜೋಡಿಸಿ ಅವರು ಪ್ರಕಟಿಸಿದರು. ಮುಂದಿನ ಸಂಪಾದಕರು ಪ್ರಕ್ಷಿಪ್ತಗಳ ಬಗೆಗೆ, ಜೋಡಣೆಯ ಬಗೆಗೆ ಆಕ್ಷೇಪ ಎತ್ತಿದ್ದಾರೆ. ಅವುಗಳಲ್ಲಿ ಕೆಲವು ನ್ಯಾಯವಾದವು. ಹಾಗಿದ್ದರೂ ಆಧುನಿಕ ಓದುಗನಿಗೆ ಸರ್ವಜ್ಞ ದೊರೆತದ್ದು ಈ ಸಂಪುಟದಿಂದ. ವಿಧಾನ ಕಿಟ್ಟೆಲ್ ಪರಂಪರೆಯದು. ಆಯ್ಕೆ ಮಾತ್ರ ಉತ್ತಂಗಿಯವರದು, ಮತ್ತು ಅದು ಸಾಮಾನ್ಯ ಆಯ್ಕೆಯಲ್ಲ. ಮಠವಿಲ್ಲದ, ಶಿಷ್ಯರಿಲ್ಲದ, ಭಿಕ್ಷೆ ಬೇಡಿ ತಿರುಗಿದ ಕವಿಯೊಬ್ಬನನ್ನು ನಾಡಿನ ಗುರುವಾಗಿ ಎತ್ತಿ ನಿಲ್ಲಿಸಿದ ಕೆಲಸ ಅದು. ಸಂಪಾದಕನಿಗೂ 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಅಂಟಿದ್ದು ಉಚಿತವೇ ಆಯಿತು.

ಮುಂದೆ ಅವರ ಆಸಕ್ತಿ ವಚನ ಸಾಹಿತ್ಯದ ಕಡೆಗೆ ತಿರುಗಿತು. ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು, ಸಿದ್ಧರಾಮ ಸಾಹಿತ್ಯ, ಅನುಭವಮಂಟಪದ ಐತಿಹಾಸಿಕತೆ ಇವು ಅವರ ಉತ್ತರವಯಸ್ಸಿನ ವಿಷಯಗಳು. ಕಲಬುರಗಿಯಿಂದ ಹೊರಟು ಇಂದು ತಾಲ್ಲೂಕು ಕೇಂದ್ರವಾಗಿರುವ ಕಮಲಾಪುರವನ್ನು ಹಾದು ಹುಮನಾಬಾದಿನ ದಾರಿ ಹಿಡಿದರೆ ಬಸವಕಲ್ಯಾಣ. 1949ರ ಸಮ್ಮೇಳನಕ್ಕೆ ಬಂದ ಅಧ್ಯಕ್ಷರು ಈ ದೃಷ್ಟಿಯಿಂದ ತಮ್ಮ ಸಂಶೋಧನೆಯ ಹೊಸ್ತಿಲಿಗೇ ಬಂದಿದ್ದರೆನ್ನಬೇಕು. ಅನುಭವಮಂಟಪವು ಐತಿಹಾಸಿಕವಾಗಿ ಇತ್ತೇ ಎಂಬ ಪ್ರಶ್ನೆಗೆ ಇತ್ತೆಂದು ಅವರು ಸಮರ್ಥಿಸಿದರು. ಆ ವಾದದ ಸಾಧಕಬಾಧಕಗಳನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಕ್ರೈಸ್ತ ಪಾದ್ರಿಯೊಬ್ಬರಿಗೆ ಈ ಪ್ರಶ್ನೆ ಅಷ್ಟು ಮುಖ್ಯವಾದುದೇಕೆ ಎಂಬುದು ನಮ್ಮ ಕುತೂಹಲ. ಬಸವಣ್ಣನವರು ತಾವೇ ಕಟ್ಟಿದ ಸಭೆಯಲ್ಲಿ ಶೂನ್ಯಪೀಠವನ್ನು ಅಲ್ಲಮನಿಗೆ ಬಿಟ್ಟುಕೊಟ್ಟರೆಂದೂ, ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನ ಮಾತಿಗೆ ಹಿರಿಯರು ತಲೆಬಾಗಿದರೆಂದೂ ಶರಣ ಪರಂಪರೆ ಹೇಳುತ್ತದೆ. ಮಾರಯ್ಯನಂತೂ ಐತಿಹ್ಯದ ಪ್ರಕಾರ ಅರಸೊತ್ತಿಗೆಯನ್ನು ಬಿಟ್ಟು ಬಂದು ಕಟ್ಟಿಗೆ ಮಾರಿ ಬದುಕಿದವನು. ಸ್ಥಾನ ಬಿಟ್ಟುಕೊಡಲು ಕಲಿಯದ ಸಂಸ್ಥೆಯೊಂದರಲ್ಲಿ ಆಯುಷ್ಯ ಸವೆಸಿದ ವ್ಯಕ್ತಿ, ಸ್ಥಾನ ಬಿಟ್ಟುಕೊಟ್ಟವರ ಚರಿತ್ರೆಯನ್ನು ಅರಸುತ್ತ ಕಲ್ಯಾಣದವರೆಗೆ ನಡೆದರೆಂದು ಈ ಆಸಕ್ತಿಯನ್ನು ಅರ್ಥೈಸಬಹುದು.

ಇದೇ ಕಾಲದಲ್ಲಿ ಅನ್ಯತ್ರ ನಡೆದುದನ್ನೂ ಹೋಲಿಸಬೇಕು. ಉತ್ತಂಗಿಯವರು ಪುಸ್ತಕ ಬರೆದ ಮರಾಠಿ ಕವಿ ನಾರಾಯಣ ವಾಮನ ಟಿಳಕರು 1917ರಲ್ಲಿ ಮಿಷನ್ನಿನ ಸಂಬಳವನ್ನು ತೊರೆದು ಸಂನ್ಯಾಸಿಯಂತೆ ಹೊರಗೆ ಬಂದರು. ನಿಜಾಮರ ಸಂಸ್ಥಾನದ ಇನ್ನೊಂದು ಅಂಚಿನ ದೋರ್ಣಕಲ್‌ನಲ್ಲಿ 1912ರಲ್ಲಿ ಬಿಷಪ್ಪರಾದ ಅಜರಾಯರು ಸಂಸ್ಥೆಯ ಒಳಗಿದ್ದುಕೊಂಡೇ, 1910ರ ಎಡಿನ್‌ಬರೊ ಸಮ್ಮೇಳನದಲ್ಲಿ ಮಿಷನರಿಗಳ ತ್ಯಾಗವನ್ನು ಒಪ್ಪಿ, ತಮಗೆ ಬೇಕಾದುದು ಸ್ನೇಹ ಎಂದು ನೇರವಾಗಿ ಕೇಳಿದರು. ಉತ್ತಂಗಿಯವರು ಹೊರಗೂ ಹೋಗಲಿಲ್ಲ, ಪೀಠವನ್ನೂ ಏರಲಿಲ್ಲ. ಸಭೆಯ ಒಳಗೆ ದೊರೆಯದ ನಾಯಕತ್ವ ಅವರಿಗೆ ಭಾಷೆಯ ಬಯಲಿನಲ್ಲಿ ದೊರೆಯಿತು. 1949ರ ಕಲಬುರಗಿ ಅದನ್ನು ಸಾರ್ವಜನಿಕವಾಗಿ ಮಾನ್ಯ ಮಾಡಿತು. 1962ರಲ್ಲಿ ಅವರು ತೀರಿಕೊಂಡರು.

ಇಷ್ಟು ಹೇಳಿದ ಮೇಲೆ ಈ ನಿದರ್ಶನದ ಮಿತಿಯನ್ನೂ ಹೇಳಲೇಬೇಕು. ಸಮ್ಮೇಳನ ನಡೆದ ಕಲಬುರಗಿಯ ಕ್ರೈಸ್ತರಿಗೂ ಅದರ ಅಧ್ಯಕ್ಷರ ಪರಂಪರೆಗೂ ಅಷ್ಟಾಗಿ ಸಂಬಂಧವಿಲ್ಲ. ಈ ಭಾಗದಲ್ಲಿ, ಬೀದರ ಸೀಮೆಯಲ್ಲಿ, ಬೇರುಬಿಟ್ಟುದು ಅಮೆರಿಕದ ಮೆಥೊಡಿಸ್ಟ್ ಮಿಷನ್. ಅದರ ಸಭೆಗಳಲ್ಲಿ ಬಹುಸಂಖ್ಯಾತರು ದಲಿತ ಕುಟುಂಬದವರು. ಇಲ್ಲಿ ಕಿರಿಯರನ್ನು ಅಣಿಗೊಳಿಸಿದ ಜಾಗಗಳು ಸೆಮಿನರಿಯ ಗ್ರಂಥಾಲಯವಲ್ಲ. ಬೋರ್ಡಿಂಗ್ ಶಾಲೆ, ಹಳ್ಳಿಯ ಬೋಧಕನ ಮನೆಯ ಕಟ್ಟೆ, ರಾತ್ರಿಯ ಹಾಡಿನ ಕೂಟ, ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ವರ್ಷವರ್ಷ ಕೂಡುವ ಜಾತ್ರೆ, ಇಂಥವು. ಭಜನೆಯ ಮಟ್ಟುಗಳಲ್ಲಿ ಕಟ್ಟಿದ ಕ್ರಿಸ್ತನ ಪದಗಳನ್ನು ಹಾಡಿ ಕಲಿಸಿದ ಬೋಧಕನ ಹೆಸರು ಸಾಹಿತ್ಯ ಚರಿತ್ರೆಗೆ ಬರಲಿಲ್ಲ. ಹಸ್ತಪ್ರತಿ ಓದಬಲ್ಲ ಮನೆತನದಿಂದ ಬಂದವರಿಗೆ ದೊರೆತ ಮಾನ್ಯತೆ, ಅಕ್ಷರವನ್ನೇ ಹೋರಾಡಿ ಪಡೆಯಬೇಕಾದವರಿಗೆ ದೊರೆಯಲಿಲ್ಲ. ಮನೆಮನೆಗೆ ಹೋಗಿ ಓದು ಕಲಿಸಿದ ಬೈಬಲ್ ವನಿತೆಯರದು ಇನ್ನೂ ಹಿಂದಿನ ಸಾಲು. ದಕ್ಷಿಣ ಭಾರತ ಸಭೆಯಲ್ಲಿ ಹೆಣ್ಣುಮಗಳೊಬ್ಬಳಿಗೆ ಮೊದಲಬಾರಿ ಗುರುದೀಕ್ಷೆ ದೊರೆಯಲು 1976 ಬರಬೇಕಾಯಿತು. ಲೋವಿ, ಯೂನೀಕೆಯರ ಹೆಸರನ್ನು ಪ್ರತಿ ವರ್ಷವೂ ಪ್ರಸಂಗದಲ್ಲಿ ಹೇಳುತ್ತ ಬಂದ ಸಭೆಗಳಿಗೆ ಇದು ತಡವೇ.

ಉತ್ತಂಗಿಯವರ ಅನಂತರದ ಸರಪಣಿಯೂ ನೇರವಾಗಿಲ್ಲ. 1965ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಹಳೆಯ ಸೆಮಿನರಿಯ ಸಂಗ್ರಹವನ್ನು ಕಾಪಾಡಿಕೊಂಡು ಬಂದಿದೆ. 2005ರಲ್ಲಿ ಕಲಬುರಗಿ ಪ್ರತ್ಯೇಕ ಕಥೋಲಿಕ ಧರ್ಮಪ್ರಾಂತ್ಯವೂ ಆಯಿತು. ಸಂಸ್ಥೆಗಳು ಬೆಳೆದಿವೆ. ಆದರೆ 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಕ್ರೈಸ್ತ ಲೇಖಕ ನಾ. ಡಿಸೋಜರು ಯಾವ ಸೆಮಿನರಿಯಿಂದಲೂ ಬಂದವರಲ್ಲ. ಶರಾವತಿ ಯೋಜನೆಯ ಕಾಲದ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿ ಕಂಡ ಮುಳುಗಡೆಯ ಬದುಕು ಅವರನ್ನು ಸಿದ್ಧಗೊಳಿಸಿತ್ತು. ಸಭೆಯ ಹಿರಿಯರು ಯಾರನ್ನು ಎಲ್ಲಿಗೆಂದು ಅಣಿಗೊಳಿಸುತ್ತಾರೋ ಕನ್ನಡ ಸಮಾಜವು ಅವರನ್ನೇ ಅಲ್ಲಿಯೇ ಕಾಣುತ್ತದೆಂಬ ನಿಯಮವಿಲ್ಲ.

ಈ ವಿಷಯದಲ್ಲಿ ಮುಂದಿನ ಸಂಶೋಧನೆ ಮಂಗಳೂರು-ಧಾರವಾಡಗಳ ಮುದ್ರಿತ ವರದಿಗಳಿಗಷ್ಟೇ ಸೀಮಿತವಾಗಬಾರದು. ಕಲಬುರಗಿ, ಕಮಲಾಪುರ, ಹುಮನಾಬಾದುಗಳ ದಾರಿಯಲ್ಲಿನ ಹಳ್ಳಿಗಳ ಸಭೆಗಳಲ್ಲಿ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳಿರುತ್ತವೆ, ಬೋಧಕರ ಮಕ್ಕಳು ಮೊಮ್ಮಕ್ಕಳ ಮನೆಗಳಲ್ಲಿ ಕೈಬರಹದ ಹಾಡಿನ ಪುಸ್ತಕಗಳಿರುತ್ತವೆ. ಕಾಗದ ಪುಡಿಯಾಗುವ ಮುನ್ನ ಅವುಗಳ ಪ್ರತಿ ತೆಗೆಯಬೇಕು. ಯಾವ ಹಾಡನ್ನು ಯಾರಿಂದ ಕಲಿತರೆಂಬುದನ್ನು ಹಾಡಬಲ್ಲ ಹಿರಿಯರಿಂದ, ಅದರಲ್ಲಿಯೂ ಹೆಂಗಸರಿಂದ, ಕೇಳಿ ಅದರ ಪಕ್ಕದಲ್ಲಿ ಬರೆದಿಡಬೇಕು. ಸರ್ವಜ್ಞನ ತ್ರಿಪದಿಗಳನ್ನು ಉತ್ತಂಗಿಯವರು ಕೂಡಿಹಾಕಿದ ಕ್ರಮವೂ ಇದೇ ಆಗಿತ್ತು.